‘ಕುರಿ ತರುಬುವುದು’: ನಿಮ್ಮ ಕಡೆ ಏನಂತಾರೆ?

ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ಸುಗ್ಗಿ ಮುಗಿದ ಮೇಲೆ ‘ಈ ಸಲ ಹೊಲಕ್ಕೆ ಕುರಿ ತರುಬಿಸಬೇಕು’ ಅನ್ನುವ ಮಾತು ಕೇಳುತ್ತದೆ. ಈ ‘ತರುಬು’ ಬಗ್ಗೆ ಬಲ್ಲವರಿಂದ ತಿಳಿಯಬೇಕಿದೆ.

ಈ ಕೆಲಸ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಬೆಳೆ ತೆಗೆದ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿ ಸುತ್ತ ಬಲೆ ಕಟ್ಟುತ್ತಾರೆ. ಮಾರನೇ ರಾತ್ರಿ ಪಕ್ಕದ ಜಾಗ. ಹೀಗೆ ಹೊಲವೆಲ್ಲ ಸುತ್ತಿಸುತ್ತಾರೆ. ಹೊಲದವರು ಕುರಿಗಾರರಿಗೆ ದುಡ್ಡನ್ನೋ ಕಾಳನ್ನೋ ಕೊಡುತ್ತಾರೆ. ಗೊಬ್ಬರ ಹೊಲದಲ್ಲೇ ಬೀಳುವುದರಿಂದ ಸಾಗಣೆ ಖರ್ಚೇ ಇಲ್ಲ. ಎತ್ತು, ಟ್ರ್ಯಾಕ್ಟರ್ ಇಲ್ಲದ ಸಣ್ಣ ರೈತರಿಗೆ ಇದು ಎಷ್ಟು ದೊಡ್ಡ ಆಸರೆ ಅಲ್ವಾ? ತಿಪ್ಪೆಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸು, ಕುರಿಗೊಬ್ಬರದಲ್ಲಿ ಸುಮಾರು ಶೇ 3. ತರುಬಿದರೆ ಹಿಕ್ಕೆಯ ಜೊತೆ ಗಂಜಲವೂ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಮಂದೆ ಎದ್ದ ಮೇಲೆ ತಡಮಾಡದೆ ಕುಂಟೆ ಹೊಡೆಯಬೇಕು, ಸುಮ್ನೆ ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ.

ಹಳಗನ್ನಡದ ‘ತಱುಬು’ಗೆ ತಡೆ, ಅಡ್ಡಗಟ್ಟು ಅನ್ನುವ ಅರ್ಥವಿದೆ. ‘ದಾರಿಯಲ್ಲಿ ತರುಬಿ ಕೇಳಿದ’ ಎಂದು ಈಗಲೂ ಬರೆಯುತ್ತೇವಲ್ಲ, ಅದೇ. ಊರೂರು ಅಲೆಯುವ ಮಂದೆಯನ್ನು ತಡೆದು ಒಂದೆಡೆ ನಿಲ್ಲಿಸುವುದರಿಂದ ಈ ಬಳಕೆ ಬಂದಿರಬೇಕು ಎಂದು ನನ್ನ ಎಣಿಕೆ. ಹಾಗಿದ್ದರೆ ದನಗಳಿಗೂ ‘ತರುಬು’ ಹೇಳುವ ಊರುಗಳು ಇವೆಯಾ? ‘ಮಂದೆ ಬಿಡಿಸುವುದು’, ‘ಕುರಿ ನಿಲ್ಲಿಸುವುದು’ ಅನ್ನುವವರು ಇದಕ್ಕೇ ಹೇಳುತ್ತಾರಾ, ಏನಾದರೂ ವ್ಯತ್ಯಾಸ ಇದೆಯಾ?

ಕೃಷಿ ಕೈಪಿಡಿಗಳಲ್ಲಿ ಇದನ್ನು ‘ಕುರಿಗೊಬ್ಬರ ಬಳಕೆ’ ಎಂದು ಬರೆದುಬಿಟ್ಟರೆ ನನಗೆ ಸಂಕಟವಾಗುತ್ತದೆ. ಗೊಬ್ಬರವನ್ನು ಚೀಲದಲ್ಲಿ ತಂದೂ ಹಾಕಬಹುದು. ತರುಬುವುದಕ್ಕೆ ಕುರಿಗಾರರೇ ಬರಬೇಕು, ಅವರ ಜೊತೆ ಮಾತುಕತೆ ಆಗಬೇಕು, ಹೊಲ ಖಾಲಿ ಇರಬೇಕು. ಬೋರ್‌ವೆಲ್, ಅಡಿಕೆ ಬಂದ ಕಡೆ ಹೊಲ ಖಾಲಿ ಇರುವುದೇ ಕಡಿಮೆ. ಆ ಊರುಗಳ ಹುಡುಗರಿಗೆ ಈ ಮಾತು ಇನ್ನೂ ಗೊತ್ತಿದೆಯಾ ಎಂದು ದಯವಿಟ್ಟು ಕೇಳಿ ತಿಳಿಸಿ.

ಇನ್ನೊಂದು. ಕೆರೆಯೊಳಗೆ ಇದ್ದಾಗ ‘ಹೂಳು’ ಎನ್ನುವ ಮಣ್ಣು, ಬೇಸಿಗೆಯಲ್ಲಿ ತೆಗೆದು ಕೆಂಪು ಹೊಲಕ್ಕೆ ಹೊಡೆಯುವಾಗ ‘ಗೋಡು’ ಆಗುತ್ತದೆ. ಅದರಲ್ಲಿ ಜೇಡಿ ಜಾಸ್ತಿ, ಹಾಗಾಗಿ ಮರಳು ನೆಲದಲ್ಲೂ ತೇವ ನಿಲ್ಲುತ್ತದೆ. ದಾವಣಗೆರೆಯ ಎರೆ ಹೊಲದ ಕಡೆಯವರೂ ‘ಗೋಡು’ ಅಂತಾರಾ, ಅಥವಾ ಅಲ್ಲಿ ಬೇರೆ ಹೆಸರಿದೆಯಾ?