ದಾವಣಗೆರೆಯಲ್ಲಿ ನಾಯಿ ಡೇ ಕೇರ್: ಖರ್ಚು ಕಡಿಮೆ ಮಾಡುವುದು ಹೇಗೆ?

ವಿದ್ಯಾನಗರದಿಂದ:
ನಮ್ಮಲ್ಲಿ 1 ವರ್ಷದ ಲ್ಯಾಬ್ರಡಾರ್ ಇದೆ. ನಾನು, ನಮ್ಮ ಯಜಮಾನರು ಇಬ್ಬರೂ ಬೆಳಿಗ್ಗೆ 9ಕ್ಕೆ ಹೊರಟರೆ ಮನೆ ಸೇರುವುದು ಸಂಜೆ 6ಕ್ಕೆ. ಡೇ ಕೇರ್‌ನವರು ದಿನಕ್ಕೆ 400 ರೂಪಾಯಿ ಅಂದರು. 26 ದಿನಕ್ಕೆ 10,400 ಆಗುತ್ತದೆ, ಊಟ ಬೇರೆ. ಇಷ್ಟೊಂದು ಯಾಕೆ? ಹಾಗಂತ ಒಂಟಿಯಾಗಿ ಬಿಡಲು ಮನಸ್ಸಿಲ್ಲ, ಬಾಗಿಲ ಹತ್ತಿರ ಕೂತು ಅಳುತ್ತದೆ.

ಎಂಸಿಸಿ ಬಿ ಬ್ಲಾಕ್‌ನಿಂದ:
ಅಕ್ಕಾ, ಅದರಲ್ಲಿ ಜಾಗದ ಬಾಡಿಗೆ, ನೋಡಿಕೊಳ್ಳುವವರ ಸಂಬಳ, ನೀರು, ಕರೆಂಟು ಎಲ್ಲ ಸೇರಿರುತ್ತದೆ. ಒಬ್ಬರು ಎಷ್ಟು ನಾಯಿ ನೋಡುತ್ತಾರೆ ಅಂತ ಮೊದಲು ಕೇಳಿ. ನಾನು ಕಡಿಮೆ ರೇಟು ಅಂತ ಒಂದು ಕಡೆ ಬಿಟ್ಟಿದ್ದೆ, ಅವರು ಲಸಿಕೆ ಕಾರ್ಡೇ ಕೇಳಲಿಲ್ಲ, ವಾರದೊಳಗೆ ನಮ್ಮ ನಾಯಿಗೆ ಕೆಮ್ಮು ಶುರುವಾಯಿತು, ಉಳಿಸಿದ ದುಡ್ಡಿಗಿಂತ ಜಾಸ್ತಿ ಡಾಕ್ಟರಿಗೆ ಹೋಯಿತು. ರೇಬಿಸ್, ಪಾರ್ವೊ, ಡಿಸ್ಟೆಂಪರ್ ಲಸಿಕೆ ಕೇಳದ ಜಾಗಕ್ಕೆ ಬಿಡಲೇಬೇಡಿ.

ನಿಜಲಿಂಗಪ್ಪ ಬಡಾವಣೆಯಿಂದ:
ದಿನಾ ಯಾಕೆ ಬೇಕು? ವಾರಕ್ಕೆ 2 ದಿನ ಬಿಡಿ, ತಿಂಗಳಿಗೆ ಸುಮಾರು 3,200ರಲ್ಲಿ ಮುಗಿಯುತ್ತದೆ. ಉಳಿದ ದಿನ ಬೆಳಿಗ್ಗೆ ಬೇಗ ಎದ್ದು ಕುಂದವಾಡ ಕೆರೆ ಕಡೆ ಚೆನ್ನಾಗಿ ಓಡಾಡಿಸಿ, ದಣಿದ ನಾಯಿ ಮಧ್ಯಾಹ್ನ ಸುಮ್ನೆ ಮಲಗುತ್ತದೆ. ನಡುವೆ ಒಮ್ಮೆ ಹೊರಗೆ ಬಿಡಲು ಪಕ್ಕದ ಮನೆಯವರಿಗೆ ಹೇಳಿ. ಊಟ ಮನೆಯಿಂದಲೇ ಡಬ್ಬಿಯಲ್ಲಿ ಕಳಿಸಿದರೆ ಆ ಖರ್ಚೂ ಉಳಿಯುತ್ತದೆ. ಒಂದು ಮಾತು, ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಶೆಡ್ ಇರುವ ಕಡೆ ಬೇಡ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ ಅಲ್ವಾ, ಬೇಗ ಸುಸ್ತಾಗುತ್ತದೆ.

ವಿದ್ಯಾನಗರದಿಂದ:
ತುಂಬಾ ಥ್ಯಾಂಕ್ಸ್. ಪಕ್ಕದ ಮನೆ ಅಜ್ಜಿಗೆ ಇದರ ಮೇಲೆ ಬಹಳ ಪ್ರೀತಿ, ಇವತ್ತೇ ಕೇಳುತ್ತೇನೆ.