‘ಸ್ಟ್ರೀಟ್ ಡೇಟ್’ ಮುರಿದರೆ ಕನ್ನಡದಲ್ಲಿ ಏನನ್ನೋಣ? (ನಾಳೆಯೊಳಗೆ ಬೇಕು)

ಜಯನಗರದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಆಟಿಕೆ ಅಂಗಡಿಯ ಗೋಡೌನಿನಲ್ಲಿ ಅಂಟಿಸುವ ಸೂಚನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು. ಸಿನಿಮಾ ಗೊಂಬೆಗಳ ಡಬ್ಬಗಳು ಮಾರಾಟಕ್ಕೆ ಎಷ್ಟೋ ದಿನ ಮುಂಚೆಯೇ ಬಂದು ಕೂತಿರುತ್ತವೆ. ಇಂಥ ತಾರೀಖಿನ ತನಕ ಬಿಚ್ಚಕೂಡದು, ಶೆಲ್ಫಿಗೆ ಇಡಕೂಡದು ಎಂದು ಕಂಪನಿಯ ಕರಾರು. ಆ ತಾರೀಖೇ ವ್ಯಾಪಾರದವರ ‘ಸ್ಟ್ರೀಟ್ ಡೇಟ್’. ಮುಂಚೆಯೇ ಮಾರಿದರೆ ಅದು ‘ಬ್ರೇಕ್’ ಆಯಿತು ಅನ್ನುತ್ತಾರೆ.

‘ಬಿಡುಗಡೆ ದಿನಾಂಕ’ ಆಗುವುದಿಲ್ಲ. ಬೆಂಗಳೂರಿನಲ್ಲಿ ಬಿಡುಗಡೆ ಅಂದರೆ ಥಿಯೇಟರಿಗೆ ಪಿಕ್ಚರ್ ಬರುವ ದಿನ. ಗೊಂಬೆಯ ದಿನ ಬೇರೆ. 2015ರಲ್ಲಿ ‘ಸ್ಟಾರ್ ವಾರ್ಸ್’ ಸರಣಿಯ ಏಳನೇ ಚಿತ್ರದ ಆಟಿಕೆಗಳು ಸೆಪ್ಟೆಂಬರ್ 4ರಂದು ಮಾರಾಟಕ್ಕೆ ಬಂದವು. ಅಮೆರಿಕದಲ್ಲಿ ಚಿತ್ರ ತೆರೆಕಂಡದ್ದು ಡಿಸೆಂಬರ್ 18ಕ್ಕೆ. 1977ರಲ್ಲಿ ಇದೇ ಸರಣಿಯ ಮೊದಲ ಚಿತ್ರಕ್ಕೆ ಉಲ್ಟಾ ಆಗಿತ್ತು. ಮೇ ತಿಂಗಳಲ್ಲಿ ಚಿತ್ರ ಬಂತು, ಗೊಂಬೆ ತಯಾರಿರಲಿಲ್ಲ. ಕ್ರಿಸ್‌ಮಸ್ಸಿಗೆ ಕೆನ್ನರ್ ಕಂಪನಿಯವರು ಗೊಂಬೆಯ ಬದಲು ಚೀಟಿ ಇಟ್ಟ ರಟ್ಟಿನ ಲಕೋಟೆ ಮಾರಿ, ಗೊಂಬೆಗಳನ್ನು ಮುಂದಿನ ವರ್ಷ ಅಂಚೆಯಲ್ಲಿ ಕಳಿಸಿದರು. ಎರಡು ದಿನಕ್ಕೂ ಒಂದೇ ಪದ ಹಾಕಿದರೆ ಗೋಡೌನಿನಲ್ಲಿ ಗೊಂದಲ ಖಂಡಿತ.

‘ದಿನಾಂಕ ಮೀರಿ ಮಾರಬಾರದು’ ಎಂದು ಬರೆದು ಅಲ್ಲಿನ ಹುಡುಗನಿಗೆ ತೋರಿಸಿದೆ. ಕೈಯಲ್ಲಿ ಕಟರ್ ಹಿಡಿದಿದ್ದವನು ಓದಿದ ಕೂಡಲೇ ಡಬ್ಬ ಮಗುಚಿ ತಳ ನೋಡತೊಡಗಿದ. ಏನಪ್ಪಾ ಅಂದರೆ, ‘ಎಕ್ಸ್‌ಪೈರಿ ಎಲ್ಲಿ ಹಾಕವ್ರೆ ಅಂತ ನೋಡ್ತಿದೀನಿ ಮೇಡಂ’ ಅಂದ.

ಮಲ್ಲೇಶ್ವರದಿಂದ:

‘ಮಾರುನಾಳು’ ಅನ್ನಿ. ದಿನಾಂಕ ಸಂಸ್ಕೃತದ್ದು, ತಾರೀಖು ಅರಬ್ಬಿಯದು. ನಾಳ್ ನಮ್ಮದು, ನಾಳೆ, ನಾಳಿದ್ದುಗಳಲ್ಲಿ ಇಂದಿಗೂ ಬದುಕಿದೆ. ಮುಂಚೆಯೇ ಮಾರುವುದು ‘ಮುಮ್ಮಾರಾಟ’. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಅವೆನ್ಯೂ ರಸ್ತೆಯಿಂದ:

ಚರ್ಚೆಗೆ ಬೇಕಾದಷ್ಟಿದೆ ಸ್ವಾಮಿ. ‘ಮಾರುನಾಳು’ ಓದಿದವನು ‘ಮಾರನೇ ದಿನ’ ಅಂದುಕೊಳ್ಳುತ್ತಾನೆ. ಮುಮ್ಮಡಿ ಬಲ್ಲವನಿಗೆ ‘ಮುಮ್ಮಾರಾಟ’ ಮೂರು ಸಲದ ಮಾರಾಟ. ಎರಡೂ ಬೇಡ.

ಪುಸ್ತಕದ ವ್ಯಾಪಾರದಲ್ಲಿ ಈ ಕಟ್ಟುಪಾಡು ನಾನು ಕಂಡದ್ದೇ. ಒಬ್ಬ ಮುಂಚೆ ಮಾರಿದರೆ ಪಕ್ಕದಂಗಡಿಯವನ ಗಿರಾಕಿ ಹೋದ ಹಾಗೆ. ಅದಕ್ಕೇ ಸರಬರಾಜು ಮಾಡುವವರು ಅಷ್ಟು ಬಿಗಿ. 2005ರಲ್ಲಿ ಹ್ಯಾರಿ ಪಾಟರ್‌ನ ಆರನೇ ಪುಸ್ತಕದ ಮಾರಾಟಕ್ಕೆ ಜುಲೈ 16 ಎಂದು ಗೊತ್ತುಮಾಡಿದ್ದರು. ಕೆನಡಾದ ಒಂದು ಅಂಗಡಿ ಅದಕ್ಕೂ ಮೊದಲೇ 14 ಪ್ರತಿ ಮಾರಿಬಿಟ್ಟಿತು. ಕೊಂಡವರು ಆ ದಿನದ ತನಕ ಓದಕೂಡದು ಎಂದು ಕೋರ್ಟೇ ಆದೇಶ ಕೊಟ್ಟಿತು.

ಮೇಡಂ, ನಿಮ್ಮ ತೊಡಕು ಇರುವುದು ಕ್ರಿಯಾಪದದಲ್ಲಿ. ನಮ್ಮಲ್ಲಿ ಕಾಲಕ್ಕೆ ಹತ್ತಿದ ‘ಮೀರು’ ಯಾವಾಗಲೂ ತಡವಾದದ್ದನ್ನೇ ಹೇಳುತ್ತದೆ: ಅವಧಿ ಮೀರಿದ ಮಾತ್ರೆ, ಗಡುವು ಮೀರಿದ ಅರ್ಜಿ. ಗಡುವಿಗಿಂತ ಮುಂಚೆ ಕೆಲಸ ಮುಗಿಸಿದರೆ ಜನ ಭೇಷ್ ಅನ್ನುತ್ತಾರೆ. ನಿಮ್ಮ ಗೋಡೌನಿನಲ್ಲಿ ಮುಂಚೆ ಮಾಡುವುದೇ ತಪ್ಪು. ಆ ಹುಡುಗ ಓದಿದ್ದು ಸರಿಯಾಗಿಯೇ ಇದೆ, ಬರಹವೇ ತಪ್ಪು. ‘ಮೀರು’, ‘ಮುರಿ’ ಎರಡನ್ನೂ ಬಿಟ್ಟು ‘ಮುಂಚೆ’ ಹಿಡಿಯಿರಿ.

ಮಲ್ಲೇಶ್ವರದಿಂದ:

ಅಂಗಡಿ ನಮ್ಮದು, ಸರಕು ನಮ್ಮ ಪದ, ಕೊಡು-ಕೊಳ್ಳು ನಮ್ಮವು. ಕಾಲ ಹೇಳುವುದಕ್ಕೆ ಮಾತ್ರ ಸಾಲ ಏಕೆ? ಸೋಮಾರಿತನ. ಹೀಗೇ ಬಿಟ್ಟರೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ.

ಅವೆನ್ಯೂ ರಸ್ತೆಯಿಂದ:

ಮೇಜು, ಬೀರು, ರಸೀದಿ ಎಲ್ಲವನ್ನೂ ಹೊರಗೆ ಹಾಕಿದರೆ ಅಂಗಡಿಯಲ್ಲಿ ಗೋಡೆ ಉಳಿದೀತು. ತಾರೀಖಿಗೆ ಇಲ್ಲಿ ಬೇರೆಯದೇ ಕೆಲಸವಿದೆ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರು, ತಾರೀಖು ರಾತ್ರಿ 12ಕ್ಕೆ ತಿರುಗುತ್ತದೆ. 2015ರಲ್ಲಿ ಆ ‘ಸ್ಟಾರ್ ವಾರ್ಸ್’ ಗೊಂಬೆಗಳಿಗೆ ಅಂಗಡಿಗಳು ಬಾಗಿಲು ತೆರೆದದ್ದು ನಡುರಾತ್ರಿ. ಅಂಥ ಕಡೆ ‘ನಾಳು’ ಅಂದರೆ ಯಾವ ಹೊತ್ತಿಗೆ ಎಣಿಸೋಣ? ‘ಇಂಥ ತಾರೀಖು’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಚಾಮರಾಜಪೇಟೆಯಿಂದ:

‘ಮುಹೂರ್ತ’ ಏಕೆ ಬೇಡ? ಮುಹೂರ್ತಕ್ಕಿಂತ ಮುಂಚೆ ತಾಳಿ ಕಟ್ಟಿದರೂ ತಪ್ಪೇ. ಅರ್ಥ ಪೂರ್ತಿ ಕೂಡುತ್ತದೆ.

ಜಯನಗರದಿಂದ:

ಅರ್ಥ ಕೂಡುತ್ತದೆ, ನಿಜ. ಆದರೆ ಗಾಂಧಿನಗರದಲ್ಲಿ ಚಿತ್ರದ ಮುಹೂರ್ತ ಅಂದರೆ ಶೂಟಿಂಗ್ ಶುರುವಾಗುವ ದಿನ. ಸಿನಿಮಾ ಗೊಂಬೆಯ ಡಬ್ಬದ ಮೇಲೆ ಮತ್ತೆ ಅದೇ ಗೊಂದಲ.

ಮಲ್ಲೇಶ್ವರದ ಹಿರಿಯರು ಮನ್ನಿಸಬೇಕು, ‘ಮುಂಚೆ’ಯನ್ನೇ ಹಿಡಿದೆ. ಸಂಜೆ ಅದೇ ಹುಡುಗನಿಗೆ ಹೊಸ ಹಾಳೆ ಓದಲು ಕೊಟ್ಟೆ: ‘ಮಾರಾಟ ಶುರು 12ನೇ ತಾರೀಖು. ಅದಕ್ಕಿಂತ ಮುಂಚೆ ಡಬ್ಬ ಬಿಚ್ಚಬೇಡಿ. ಯಾರು ಕೇಳಿದರೂ ಕೊಡಬೇಡಿ.’ ಓದಿ ಮುಗಿಸಿ ಕಟರ್ ಜೇಬಿಗಿಟ್ಟುಕೊಂಡ. ‘ಓನರ್ ಫ್ರೆಂಡ್ ಬಂದ್ರೂ ಕೊಡಂಗಿಲ್ವಾ?’ ಅಂತ ಕೇಳಿದ. ಇಲ್ಲ ಅಂದೆ. ಹಾಳೆ ಪ್ರಿಂಟಿಗೆ ಹೋಯಿತು.

ಕೆಲಸಗಾರರ ತರಬೇತಿ ಪುಸ್ತಕದ ತಲೆಬರಹಕ್ಕೆ ಮಾತ್ರ ಒಂದು ನಾಮಪದ ಬೇಕೇ ಬೇಕು. ಅವಧಿಪೂರ್ವ ಹೆರಿಗೆ ಅನ್ನುವುದು ಪತ್ರಿಕೆಗಳಲ್ಲಿ ರೂಢಿಯಲ್ಲಿದೆಯಲ್ಲ, ಅದರ ಜಾಡಿನಲ್ಲಿ ‘ಅವಧಿಪೂರ್ವ ಮಾರಾಟ’ ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಹಗುರವಾದದ್ದು ಸಿಕ್ಕರೆ ಸೋಮವಾರದೊಳಗೆ ತಿಳಿಸಿ.