ಕಾಕುಗೆ ಅಳಬೇಡ ಅನ್ನುವ ಮುಂಚೆ

ವಾಟ್ಸಾಪ್ ಗುಂಪು: ಗುಳೇದಗುಡ್ಡದ ಮನೆ
ಈಸ್ಟರ್ ಮರುದಿನ, ಸೋಮವಾರ

ದೊಡ್ಡ ಕಾಕಾ, ಬಾಗಲಕೋಟೆ (7:12)
(ಫೋಟೋ, ಬಹಳ ಸಲ ಫಾರ್ವರ್ಡ್ ಆಗಿದೆ)
"ಕ್ರಿಸ್ತನು ಎದ್ದಿದ್ದಾನೆ! ನಂಬಿದವರ ಮನೆಯಲ್ಲಿ ಕಣ್ಣೀರಿಗೆ ಜಾಗವಿಲ್ಲ. ಅಳುವವರಿಗೆ ನಂಬಿಕೆ ಸಾಲದು."
ಎಲ್ಲರಿಗೂ ಈಸ್ಟರ್ ಶುಭಾಶಯ.

ತಮ್ಮ, ವಿಜಯಪುರ (7:30)
ನಿಜವಾಗಿಯೂ ಎದ್ದಿದ್ದಾನೆ!

ನಾನು, ಬೆಳಗಾವಿ (7:41)
ಕಾಕಾ, ನಿಮಗೂ ಶುಭಾಶಯ. ಆದರೆ ಈ ಫೋಟೋ ಬೇಡವಾಗಿತ್ತು. ಸಣ್ಣ ಕಾಕಾ ತೀರಿಕೊಂಡು ಇನ್ನೂ ಎರಡು ತಿಂಗಳು ಆಗಿಲ್ಲ. ಕಾಕು ಈ ಗುಂಪಿನಲ್ಲೇ ಇದ್ದಾರೆ.

ದೊಡ್ಡ ಕಾಕಾ (7:50)
ಅವಳಿಗೆ ಧೈರ್ಯ ಬರಲಿ ಅಂತಲೇ ಹಾಕಿದೆ ಅವ್ವಾ. ಬೈಬಲಿನಲ್ಲಿ ಥೆಸಲೋನಿಕದವರಿಗೆ ಅಪೊಸ್ತಲ ಪೌಲ ಬರೆದ ಮೊದಲನೇ ಪತ್ರಿಕೆ ತೆಗೆದು ನೋಡು, 4:13. ದುಃಖಿಸಬೇಡಿ ಅಂತ ಇದೆ.

ನಾನು (7:58)
ಆ ವಚನ ಪೂರ್ತಿ ಓದಿ ಕಾಕಾ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ ಇದೆ. ದುಃಖವೇ ಬೇಡ ಅಂತ ಎಲ್ಲಿದೆ? ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಯೇಸುವಿಗೆ ಮೊದಲೇ ಗೊತ್ತಿತ್ತು. ಆದರೂ ಸಮಾಧಿಗೆ ಹೋಗುವಾಗ ಅತ್ತನು. ಯೋಹಾನ 11:35. ಅವನಿಗೂ ನಂಬಿಕೆ ಸಾಲದೇ ಹೋಗಿತ್ತಾ?

ತಮ್ಮ (8:05)
ಅಕ್ಕಾ, ನಾನೊಂದು ಕೇಳಲಾ? ತಪ್ಪು ತಿಳಿಯಬೇಡಿ. ಸತ್ತವರು ಏಳುತ್ತಾರೆ ಅನ್ನುವುದೇ ಸಮಾಧಾನಕ್ಕೆ ಹೇಳುವ ಮಾತು ಅಲ್ವಾ? ಒಣಗಿದ ಬೇವು ಮತ್ತೆ ಚಿಗುರಿದ ಹಾಗೆ ಅಂತ ತಗೊಂಡರೆ ಆಗುವುದಿಲ್ಲವಾ?

ದೊಡ್ಡ ಕಾಕಾ (8:09)
ಆಗುವುದಿಲ್ಲ ತಮ್ಮಾ. ಕ್ರಿಸ್ತನು ಎದ್ದಿಲ್ಲ ಅಂದರೆ ನಮ್ಮ ನಂಬಿಕೆಯೇ ಹುಸಿ ಅಂತ ಪೌಲ ನೇರವಾಗಿ ಬರೆದಿದ್ದಾನೆ. ಒಂದನೇ ಕೊರಿಂಥ 15.

ನಾನು (8:20)
ಈ ಮಾತಿಗೆ ನಾನು ಕಾಕಾನ ಕಡೆ. ಎದ್ದವನು ಮೀನು ತಿಂದನು. ಕೆರೆ ದಂಡೆಯಲ್ಲಿ ಕೆಂಡ ಮಾಡಿ, ರೊಟ್ಟಿ ಮೀನು ಇಟ್ಟುಕೊಂಡು, ಬನ್ನಿ ಊಟ ಮಾಡಿ ಅಂತ ಶಿಷ್ಯರನ್ನು ಕರೆದನು. ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಚಿಗುರಿಗೆ ಗಾಯ ಎಲ್ಲಿಂದ ಬರಬೇಕು? ಚರ್ಚಿನಲ್ಲಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ ನಾವು ದೇಹದ ಪುನರುತ್ಥಾನ ಅನ್ನುತ್ತೇವೆ. ಬರೀ ಆತ್ಮ ಉಳಿಯುತ್ತದೆ ಅನ್ನುವುದಿಲ್ಲ.

ತಮ್ಮಾ, ನನಗೆ ಇದು ವಾರ್ಡಿನಲ್ಲಿ ಬೇಕಾಗುವ ಮಾತು. ರಾತ್ರಿ ಪಾಳಿಯಲ್ಲಿ ಹಾಸಿಗೆ ಹುಣ್ಣಾದ ಅಜ್ಜಿಯ ಬೆನ್ನು ಒರೆಸುವಾಗ, ದೇವರು ಎಬ್ಬಿಸುವ ಬೆನ್ನು ಇದು ಅಂದುಕೊಳ್ಳುತ್ತೇನೆ. ಆಗ ಕೈ ತಾನಾಗಿ ಮೆತ್ತಗಾಗುತ್ತದೆ.

ದೊಡ್ಡ ಕಾಕಾ (8:33)
ಎಲ್ಲ ಸರಿ. ಆದರೆ ಮಗ ಸತ್ತ ನಾಯಿನ್ ಊರಿನ ವಿಧವೆಗೆ ಅಳಬೇಡ ಅಂತ ಹೇಳಿದವನೂ ಯೇಸುವೇ. ಲೂಕ 7. ನಮ್ಮಪ್ಪ ಹೋದಾಗ ನನಗೆ 19 ವರ್ಷ. ಅಳದೆ ಮಗ್ಗಕ್ಕೆ ಕೂತೆ. ಕೆಳಗೆ ನಾಲ್ಕು ಮಂದಿ ಇದ್ದರು, ಹೊಟ್ಟೆ ತುಂಬಬೇಕಿತ್ತು. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮಾತೇ. ಸುಮ್ನೆ ಫಾರ್ವರ್ಡ್ ಮಾಡಲಿಲ್ಲ ನಾನು.

ನಾನು (8:47)
ಇದು ನನಗೆ ಗೊತ್ತಿರಲಿಲ್ಲ ಕಾಕಾ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವಲ್ಲ ನೀವು.

ಆದರೆ ಅದೇ ಲೂಕ 7ರಲ್ಲಿ ಮುಂದೆ ಏನಾಯಿತು ನೋಡಿ. ಯೇಸು ಅವಳನ್ನು ಕಂಡು ಕನಿಕರಪಟ್ಟನು. ಅಳಬೇಡ ಅಂದನು. ಹೋಗಿ ಚಟ್ಟ ಮುಟ್ಟಿದನು. ಹುಡುಗನನ್ನು ಎಬ್ಬಿಸಿ ತಾಯಿಯ ಕೈಗೆ ಕೊಟ್ಟನು. ನಾವು ಅಳಬೇಡ ಅಂದು, ಚಹಾ ಕುಡಿದು, ಬಸ್ ಹತ್ತುತ್ತೇವೆ. ಮಣ್ಣು ಮಾಡಿದ ದಿನ ಕಾಕುಗೆ ಎಷ್ಟು ಜನ ಹಾಗೆ ಹೇಳಿದರು ಅಂತ ನಾನೇ ಕಂಡಿದ್ದೇನೆ. ಸಂಜೆ ಹೊತ್ತಿಗೆ ಅವರು ಮಾತೇ ನಿಲ್ಲಿಸಿದರು.

ತಮ್ಮ (8:52)
ಹಾಗಾದರೆ ನಾವೇನು ಮಾಡಬೇಕಿತ್ತು ಅಕ್ಕಾ? ಸತ್ತವರನ್ನು ನಾವು ಎಬ್ಬಿಸುವುದಕ್ಕೆ ಆಗುತ್ತದಾ?

ನಾನು (9:03)
ಆಗುವುದಿಲ್ಲ. ಅದು ದೇವರ ಕೆಲಸ. ನಮ್ಮ ಕೆಲಸ ಏನು ಅಂತ ಕಾಕಾ ಹೇಳಿದ ಅಧ್ಯಾಯದ ಕೊನೆಯಲ್ಲೇ ಇದೆ. ಮರಣ ಸೋತಿತು ಅಂತ ಅಷ್ಟು ದೊಡ್ಡ ಮಾತು ಬರೆದ ಪೌಲ, ಕರ್ತನಿಗಾಗಿ ಪಟ್ಟ ಶ್ರಮ ವ್ಯರ್ಥವಾಗುವುದಿಲ್ಲ ಅಂತ ಮುಗಿಸುತ್ತಾನೆ. ಪುಟ ತಿರುಗಿಸಿದರೆ 16ನೇ ಅಧ್ಯಾಯ. ಮೊದಲ ಸಾಲಿನಲ್ಲೇ ಯೆರೂಸಲೇಮಿನವರಿಗೆ ಹಣ ಕೂಡಿಸುವ ಮಾತು. ವಾರದ ಮೊದಲನೇ ದಿನ ಪ್ರತಿಯೊಬ್ಬನೂ ಸ್ವಲ್ಪ ತೆಗೆದಿಡಲಿ ಅಂತ. ಅಂದರೆ ಭಾನುವಾರ, ಯೇಸು ಎದ್ದ ದಿನ. ಪುನರುತ್ಥಾನ ಆದ ಮೇಲೆ ಮುಂದಿನ ವಿಷಯವೇ ಕಾಣಿಕೆ ಹಣ! ಪೌಲ ಇದನ್ನು ಸಣ್ಣ ಮಾತು ಅಂದುಕೊಳ್ಳಲಿಲ್ಲ ಅನ್ನುವುದು ನನಗೆ ಬಹಳ ಇಷ್ಟ.

ಸಣ್ಣ ಕಾಕು, ಗುಳೇದಗುಡ್ಡ (9:26)
ಎಲ್ಲ ಓದಿದೆ. ಭಾವಾ, ನಿಮ್ಮ ಮೇಲೆ ಸಿಟ್ಟಿಲ್ಲ. ಅವರು ಏಳುತ್ತಾರೆ ಅಂತ ನನಗೆ ಪೂರ್ತಿ ನಂಬಿಕೆ ಇದೆ. ಆದರೆ ಬೆಳಿಗ್ಗೆ ಮಗ್ಗದ ಸಪ್ಪಳ ಇಲ್ಲ. ಅದಕ್ಕೆ ಅಳು ಬರುತ್ತದೆ.
ಅರ್ಧ ನೇಯ್ದ ಖಣ ಮಗ್ಗದ ಮೇಲೆ ಹಾಗೇ ಇದೆ. ಮಾಲೀಕರು ಮುಂಗಡ ಕೊಟ್ಟಿದ್ದರು. ಎರಡು ಸಲ ಹೇಳಿ ಕಳಿಸಿದ್ದಾರೆ.

ನಾನು (9:29)
ಕಾಕು, ಮುಂಗಡ ಎಷ್ಟು ಅಂತ ನನಗೊಬ್ಬಳಿಗೆ ಫೋನ್ ಮಾಡಿ ಹೇಳಿ. ಇಲ್ಲಿ ಬರೆಯಬೇಡಿ.

ತಮ್ಮ (9:30)
ನಾನೂ ಸೇರಿಸುತ್ತೇನೆ ಅಕ್ಕಾ.

ದೊಡ್ಡ ಕಾಕಾ (9:44)
ಹಣ ನೀವು ನೋಡಿಕೊಳ್ಳಿ. ಆ ಖಣ ಬೇರೆಯವರ ಕೈಗೆ ಕೊಡಬೇಡ ತಂಗೀ. ನಾನು ಲಾಳಿ ಬಿಟ್ಟು ಇಪ್ಪತ್ತು ವರ್ಷ ಆಯಿತು. ಕೈ ತಿರುಗುವುದು ನಿಧಾನ ಆಗಬಹುದು. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಎಳೆ ಹರಿದಿದ್ದರೆ ಮುಟ್ಟಬೇಡ, ನಾನೇ ಬಂದು ಕಟ್ಟುತ್ತೇನೆ.